ಕಾವಲು ಮತ್ತು ಕವಲು: ಬರಿ ಪಠ್ಯದಲ್ಲಿ ಸಂಶೋಧನಾ ಪ್ರಬಂಧ

ಸಂಶೋಧಕಿ: ಬರಿ ಪಠ್ಯ ಅಂದರೆ ಅಕ್ಷರ, ಅಂಕಿ, ವಿರಾಮಚಿಹ್ನೆ, ಖಾಲಿ ಜಾಗ, ಸಾಲಿನ ಕೊನೆ, ಇಷ್ಟು ಮಾತ್ರ ಇರುವ ಫೈಲು. ದಪ್ಪಕ್ಷರವಿಲ್ಲ, ಬಣ್ಣವಿಲ್ಲ, ಫಾಂಟಿನ ಹೆಸರೂ ಇಲ್ಲ. ಎಲ್ಲರೂ ಪ್ಲೇನ್ ಟೆಕ್ಸ್ಟ್ ಅನ್ನುವುದು ಇದಕ್ಕೇ. ನೋಟ್‌ಪ್ಯಾಡಿನಲ್ಲಿ ತೆರೆದರೂ ಅದೇ ಮಾತು, ಬೇರೆ ಯಾವ ತಂತ್ರಾಂಶದಲ್ಲಿ ತೆರೆದರೂ ಅದೇ ಮಾತು.

ಮೇಷ್ಟ್ರು: ವರ್ಡ್‌ನಲ್ಲಿ ಟೈಪ್ ಮಾಡಿದ್ದೂ ಅಕ್ಷರವೇ ತಾನೆ?

ಸಂಶೋಧಕಿ: ತೆರೆಯ ಮೇಲೆ ಹಾಗೆ ಕಾಣುತ್ತದೆ ಸರ್. ವರ್ಡ್ 2007ರಿಂದ ಈಚೆಗೆ ಆ ಫೈಲು ನಿಜವಾಗಿ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗೆ ಹತ್ತಾರು ಚಿಕ್ಕ ಫೈಲುಗಳು: ಮಾತು ಒಂದರಲ್ಲಿ, ಶೈಲಿ ಒಂದರಲ್ಲಿ, ಟಿಪ್ಪಣಿ ಇನ್ನೊಂದರಲ್ಲಿ. ಒಂದು ಪದ ತಿದ್ದಿ ಸೇವ್ ಮಾಡಿದರೆ ಗಂಟನ್ನು ಮತ್ತೆ ಹೊಸದಾಗಿ ಕಟ್ಟಬೇಕು. ಹೊರಗಿನಿಂದ ನೋಡುವ ಯಂತ್ರಕ್ಕೆ ಬದಲಾದದ್ದು ಒಂದು ಪದವೋ ಇಡೀ ಅಧ್ಯಾಯವೋ ಗೊತ್ತಾಗುವುದಿಲ್ಲ.

ಮೇಷ್ಟ್ರು: ಗೊತ್ತಾಗದಿದ್ದರೆ ಬಿಡು. ಬರೆಯುವವನಿಗೆ ಅದರಿಂದೇನು ತೊಂದರೆ?

ಸಂಶೋಧಕಿ: ಒಬ್ಬರೇ ಬರೆಯುವಾಗ ಏನೂ ಇಲ್ಲ. ಮೂವರಾದಾಗ ಶುರುವಾಗುತ್ತದೆ. ಒಂದು ಪೇಪರನ್ನು ಕಲ್ಪಿಸಿಕೊಳ್ಳಿ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದರು. ಏಳು ಚದರ ಕಿಲೋಮೀಟರಿಗೆ ತುಸು ಮೇಲ್ಪಟ್ಟ ಹುಲ್ಲುಗಾವಲು, ಕೃಷ್ಣಮೃಗಗಳ ನೆಲೆ. ಅಲ್ಲಿನ ಹುಲ್ಲು, ಮೇಯುವ ದನ, ಕೃಷ್ಣಮೃಗ ಇವುಗಳ ನಂಟಿನ ಬಗ್ಗೆ ಮೂವರು ಬರೆಯುತ್ತಿದ್ದಾರೆ ಎನ್ನಿ. ಕಡೂರಿನವರು ಪ್ರಾಣಿ ಎಣಿಸುವವರು. ಅಜ್ಜಂಪುರದವರು ದನ ಬಲ್ಲವರು, ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಇರುವುದೇ ಆ ಊರಲ್ಲಿ. ತರೀಕೆರೆಯವರು ಲೆಕ್ಕ, ನಕ್ಷೆ ನೋಡಿಕೊಳ್ಳುವವರು. ಮೂವರೂ ಒಂದೇ ವಾರ ಒಂದೇ ಪ್ಯಾರಾಕ್ಕೆ ಕೈಹಾಕುತ್ತಾರೆ.

ಮೇಷ್ಟ್ರು: ನಮ್ಮ ಕಾಲದಲ್ಲಿ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಟೈಪ್ ಮಾಡಿಸುತ್ತಿದ್ದರು ಕಣಮ್ಮ. ಒಬ್ಬೊಬ್ಬರಿಗೆ ಒಂದೊಂದು. ವಾಪಸು ಬಂದಾಗ ಮೂರರಲ್ಲೂ ಬೇರೆಬೇರೆ ಕೆಂಪು ಶಾಯಿ. ಮೇಜಿನ ಮೇಲೆ ಮೂರನ್ನೂ ಹರವಿಕೊಂಡು ನಾಲ್ಕನೆಯದನ್ನು ಟೈಪ್ ಮಾಡಿಸಬೇಕು. ಯಾರ ತಿದ್ದುಪಡಿ ಬಿಟ್ಟುಹೋಯಿತು ಅನ್ನುವುದು ಅಚ್ಚಾಗಿ ಬಂದ ಮೇಲೇ ಗೊತ್ತಾಗುತ್ತಿದ್ದದ್ದು.

ಸಂಶೋಧಕಿ: ವರ್ಡ್‌ನ ಟ್ರ್ಯಾಕ್ ಚೇಂಜಸ್ ಆ ಕೆಂಪು ಶಾಯಿಯ ಮುಂದುವರಿಕೆಯೇ. ಒಂದೇ ಪ್ರತಿ ಸರದಿಯ ಮೇಲೆ ಕೈಯಿಂದ ಕೈಗೆ ಹೋದರೆ ಅದು ಚೆನ್ನಾಗಿಯೇ ನಡೆಯುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಮೂವರೂ ಒಂದೇ ಹಾಳೆಯ ಮೇಲೆ ಕೂರಬಹುದು, ಆದರೆ ಬರೆಯುವಷ್ಟು ಹೊತ್ತೂ ನೆಟ್‌ವರ್ಕ್ ಇದ್ದರೆ ವಾಸಿ. ಕಾವಲಿನ ನಡುವೆ ನಿಂತವರಿಗೆ ಆ ಭಾಗ್ಯ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಬರಿ ಪಠ್ಯದ ದಾರಿ ಬೇರೆ. ಪ್ರತಿಯೊಬ್ಬರ ಬಳಿಯೂ ಇಡೀ ಪೇಪರಿನ ಪ್ರತಿ ಇರುತ್ತದೆ, ಅವರವರ ಪಾಡಿಗೆ ತಿದ್ದುತ್ತಾರೆ, ಆಮೇಲೆ ಸೇರಿಸುತ್ತಾರೆ. ಯಾರು ಏನು ಬದಲಾಯಿಸಿದರು ಎಂದು ಸಾಲುಸಾಲಾಗಿ ತೋರಿಸುವುದು ಯಂತ್ರದ ಪಾಲು. 1974ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಜೊತೆ ಡಿಫ್ ಎಂಬ ಸಣ್ಣ ತಂತ್ರಾಂಶ ಬಂತು. ಅದಕ್ಕೆ ಎರಡು ಫೈಲು ಕೊಟ್ಟರೆ ಹೋದ ಸಾಲು, ಬಂದ ಸಾಲು ಎರಡನ್ನೂ ಎದುರಿಗಿಡುತ್ತದೆ. ಈಗಿನ ಎಲ್ಲ ಏರ್ಪಾಡುಗಳ ತಳದಲ್ಲಿರುವುದು ಆ ಹೋಲಿಕೆಯೇ.

ಮೇಷ್ಟ್ರು: ಅದು ಇಂಗ್ಲಿಷಿಗೆ ಸರಿ. ಕನ್ನಡ ಬಂದ ಕೂಡಲೇ ಕಂಪ್ಯೂಟರು ಮುಖ ತಿರುಗಿಸುವುದನ್ನು ಬೇಕಾದಷ್ಟು ನೋಡಿದ್ದಾಗಿದೆ.

ಸಂಶೋಧಕಿ: ಅದು ಕಂಪ್ಯೂಟರಿನ ತಪ್ಪಲ್ಲ ಸರ್, ಕನ್ನಡ ಬಹಳ ವರ್ಷ ಪಠ್ಯವಾಗಿ ಉಳಿದೇ ಇರಲಿಲ್ಲ. ಹಳೆಯ ನುಡಿಯಂಥ ಫಾಂಟುಗಳ ಕಾಲದಲ್ಲಿ ಫೈಲಿನೊಳಗೆ ಇರುತ್ತಿದ್ದದ್ದು ರೋಮನ್ ಅಕ್ಷರಗಳ ಸಂಕೇತ. ಅದರ ಮೇಲೆ ಫಾಂಟು ಕನ್ನಡದ ವೇಷ ಹಾಕುತ್ತಿತ್ತು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕಡೂರು’ ಹೋಗಿ ತಲೆಯ ಮೇಲೆ ಟೊಪ್ಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ: 3200ರಿಂದ 3327ರವರೆಗೆ 128 ಮನೆಗಳು. ‘ಕ’ 3221ನೆಯ ಮನೆ. ಅಲ್ಲಿಂದ ಮುಂದೆ ‘ಕ’ ಅನ್ನುವುದು ಚಿತ್ರವಲ್ಲ, ಒಂದು ಸಂಖ್ಯೆ. ಫಾಂಟು ಯಾವುದಿದ್ದರೂ ಆ ಸಂಖ್ಯೆ ಬದಲಾಗುವುದಿಲ್ಲ. ಕನ್ನಡದಲ್ಲಿ ಬರಿ ಪಠ್ಯ ಅಂದರೆ ಯೂನಿಕೋಡ್ ಪಠ್ಯ, ಬೇರೆ ಅರ್ಥವಿಲ್ಲ.

ಮೇಷ್ಟ್ರು: ವಿಜ್ಞಾನದ ಪೇಪರು ಹೋಗುವುದು ಇಂಗ್ಲಿಷಿನಲ್ಲಿ ತಾನೆ?

ಸಂಶೋಧಕಿ: ಬಹುಪಾಲು ಹೌದು. ಆದರೆ ಕಾವಲಿನಲ್ಲಿ ಬರೆದುಕೊಂಡ ಟಿಪ್ಪಣಿ ಕನ್ನಡದಲ್ಲಿರುತ್ತದೆ, ದನಗಾಹಿಗಳಿಗೆ ಕೇಳುವ ಪ್ರಶ್ನಾವಳಿ ಕನ್ನಡದಲ್ಲಿರುತ್ತದೆ, ಹುಲ್ಲಿನ ಹೆಸರು, ಊರಿನ ಹೆಸರು, ಹಳ್ಳದ ಹೆಸರು ಎಲ್ಲ ಕನ್ನಡವೇ. ಎಡವುವುದು ಅಲ್ಲೇ. ಈ ಮೂರು ಊರುಗಳ ಹೆಸರನ್ನೇ ಹತ್ತಿರದಿಂದ ನೋಡಬಹುದು. ‘ಕಡೂರು’ ಐದು ಸಂಕೇತ: ಕ, ಡ, ಊಕಾರದ ಗುಣಿತ, ರ, ಉಕಾರದ ಗುಣಿತ. ಇದರಲ್ಲಿ ತಕರಾರಿಲ್ಲ. ‘ಅಜ್ಜಂಪುರ’ದ ನಡುವೆ ಒಂದು ಸೊನ್ನೆ ಇದೆ. ಆ ಅನುಸ್ವಾರದ ಮನೆ 3202. ಕನ್ನಡ ಅಂಕಿಯ ಸೊನ್ನೆಯ ಮನೆ 3302. ಕಣ್ಣಿಗೆ ಎರಡೂ ದುಂಡಗೇ. ಒಬ್ಬರು ಅನುಸ್ವಾರ ಒತ್ತುತ್ತಾರೆ, ಇನ್ನೊಬ್ಬರು ಅವಸರದಲ್ಲಿ ಅಂಕಿಯ ಸೊನ್ನೆ ಒತ್ತುತ್ತಾರೆ. ಆಮೇಲೆ ‘ಅಜ್ಜಂಪುರ’ ಎಂದು ಹುಡುಕಿದರೆ ಅರ್ಧ ದಾಖಲೆ ಮಾತ್ರ ಸಿಗುತ್ತದೆ. ಕೋಷ್ಟಕದಲ್ಲಿ ಒಂದೇ ಊರು ಎರಡು ಊರಾಗಿ ಕೂತಿರುತ್ತದೆ.

ಮೇಷ್ಟ್ರು: ತರೀಕೆರೆಗೇನು ರೋಗ?

ಸಂಶೋಧಕಿ: ಅದರದ್ದು ಇನ್ನೂ ಸೂಕ್ಷ್ಮ. ‘ರೀ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ. ರ ಬರೆದು ಈಕಾರದ ಗುಣಿತ 3264ನ್ನು ಹಾಕುವುದು ಒಂದು. ರ ಬರೆದು ಇಕಾರದ ಗುಣಿತ 3263, ಅದರ ಮೇಲೆ ದೀರ್ಘದ ಗುರುತು 3285 ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ‘ತರೀಕೆರೆ’ ಏಳು ಸಂಕೇತ, ಎರಡನೆಯದರಲ್ಲಿ ಎಂಟು. ಕಾಗದದ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಠ್ಯದಲ್ಲಿ ದೀರ್ಘ ಹೀಗೆ ಬಿಡಿಯಾಗಿ ಉಳಿಯುವುದುಂಟು. ಡಿಫ್ ನಿಷ್ಠುರ, ಸಾಲು ಬದಲಾಗಿದೆ ಅನ್ನುತ್ತದೆ. ಬರೆದವರು ಕಣ್ಣರಳಿಸಿ ಎಷ್ಟು ನೋಡಿದರೂ ಏನು ಬದಲಾಗಿದೆ ಅಂತ ಕಾಣದು. ಇದಕ್ಕೆ ಮದ್ದಿದೆ: ಎರಡೂ ರೂಪಗಳನ್ನು ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ. ಸೇರಿಸುವ ಮುಂಚೆ ಎಲ್ಲರ ಫೈಲನ್ನೂ ಆ ಜರಡಿಗೆ ಹಾಕಬೇಕು. ಅನುಸ್ವಾರ ಮತ್ತು ಅಂಕಿಯ ಸೊನ್ನೆಗೆ ಮಾತ್ರ ಆ ಜರಡಿ ಸಾಲದು, ಅವೆರಡು ಯೂನಿಕೋಡ್ ಲೆಕ್ಕದಲ್ಲಿ ನಿಜವಾಗಿ ಬೇರೆಬೇರೆ. ಅದನ್ನು ಹುಡುಕಿಯೇ ತಿದ್ದಬೇಕು.

ಮೇಷ್ಟ್ರು: ‘ತರಿಕೆರೆ’ ಅಂತ ಹ್ರಸ್ವದಲ್ಲಿ ಬರೆಯುವವರೂ ಇದ್ದಾರಲ್ಲ.

ಸಂಶೋಧಕಿ: ಅದು ಸಂಕೇತದ ಜಗಳವಲ್ಲ, ಕಾಗುಣಿತದ ಜಗಳ. ಅದಕ್ಕೆ ಪದಪಟ್ಟಿ ಬೇಕು. ಪೇಪರಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಫೈಲು ಇಟ್ಟು ‘ತರೀಕೆರೆ, ತರಿಕೆರೆ ಅಲ್ಲ’, ‘ಅಮೃತಮಹಲ್ ಒಂದೇ ಪದ’, ‘ಕೃಷ್ಣಮೃಗ ಎಂದೇ ಬರೆಯುವುದು, ಜಿಂಕೆ ಅಲ್ಲ’ ಎಂದು ಒಂದೊಂದೇ ಸಾಲು ಬರೆದಿಟ್ಟರೆ ಸಾಕು. ಕೊನೆಯದು ಬರಿ ಶೈಲಿಯ ಮಾತಲ್ಲ. ಊರಿನವರು ಜಿಂಕೆ ಅನ್ನುವುದು ಎರಡು ಮೂರು ಪ್ರಾಣಿಗಳಿಗೆ.

ಮೇಷ್ಟ್ರು: ಸರಿ, ಅಕ್ಷರ ಸರಿಹೋಯಿತು. ಇನ್ನು ಬರೆಯುವುದು ಹೇಗೆ?

ಸಂಶೋಧಕಿ: ಒಂದು ವಾಕ್ಯಕ್ಕೆ ಒಂದು ಸಾಲು. ಬ್ರಯನ್ ಕರ್ನಿಗನ್ 1974ರಲ್ಲಿ ಯುನಿಕ್ಸ್ ಕಲಿಯುವವರಿಗೆ ಬರೆದ ಕೈಪಿಡಿಯಲ್ಲೇ ಈ ಸಲಹೆ ಇದೆ. ಅಚ್ಚಾಗುವಾಗ ಸಾಲುಗಳು ಸೇರಿಕೊಂಡು ಪ್ಯಾರಾ ಆಗುತ್ತವೆ, ಓದುಗರಿಗೆ ಇದು ತಿಳಿಯುವುದೂ ಇಲ್ಲ. ಆದರೆ ಬರೆಯುವವರಿಗೆ ಎರಡು ಲಾಭ. ಪ್ಯಾರಾದ ಮೊದಲ ವಾಕ್ಯ ತಿದ್ದಿದರೆ ಉಳಿದ ಆರು ವಾಕ್ಯ ಅಲ್ಲಾಡುವುದಿಲ್ಲ, ಡಿಫ್ ಆ ಒಂದನ್ನೇ ತೋರಿಸುತ್ತದೆ. ಎರಡನೆಯದು, ವಾಕ್ಯದ ಉದ್ದ ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಸಾಲು ತೆರೆಯ ಬಲಬದಿಯನ್ನು ದಾಟಿ ಓಡುತ್ತಿದ್ದರೆ ಓದುವವರು ಕ್ರಿಯಾಪದಕ್ಕಾಗಿ ಎಷ್ಟು ಹೊತ್ತು ಉಸಿರು ಹಿಡಿದಿರಬೇಕು ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.

ಮೇಷ್ಟ್ರು: ಶೀರ್ಷಿಕೆ, ವಾರೆಯಕ್ಷರ, ಸಮೀಕರಣ ಇವೆಲ್ಲ?

ಸಂಶೋಧಕಿ: ಅವನ್ನೂ ಅಕ್ಷರಗಳಿಂದಲೇ ಸೂಚಿಸುವುದು. ಮಾರ್ಕ್‌ಡೌನ್ ಎಂಬ ಕ್ರಮದಲ್ಲಿ ಸಾಲಿನ ಮೊದಲಿಗೆ # ಇಟ್ಟರೆ ಶೀರ್ಷಿಕೆ. ಕೃಷ್ಣಮೃಗದ ವೈಜ್ಞಾನಿಕ ಹೆಸರು ವಾರೆಯಕ್ಷರದಲ್ಲಿ ಬರಬೇಕು. *ಆಂಟಿಲೋಪೆ ಸರ್ವಿಕ್ಯಾಪ್ರಾ* ಎಂದು ಎರಡು ಬದಿಗೂ ನಕ್ಷತ್ರ ಇಟ್ಟರಾಯಿತು. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದರು. ಸಮೀಕರಣ ಹೆಚ್ಚಿದ್ದರೆ ಲೇಟೆಕ್. ಅದರ ಮೂಲ ಡೊನಾಲ್ಡ್ ಕನೂತ್ ಅವರ ಟೆಕ್. 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ ಅಕ್ಷರಜೋಡಣೆ ಕಂಡು ಅವರಿಗೆ ಎಷ್ಟು ಬೇಸರವಾಯಿತೆಂದರೆ ಪುಸ್ತಕದ ಕೆಲಸ ಬದಿಗಿಟ್ಟು ಅಚ್ಚಿನ ತಂತ್ರಾಂಶವನ್ನೇ ಬರೆಯಲು ಕೂತರು. ಕರಡು ತಿದ್ದುವ ಸಿಟ್ಟು ಇಷ್ಟು ದೂರ ಹೋದ ಉದಾಹರಣೆ ಇನ್ನೊಂದಿರಲಾರದು. ಆಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಕಟ್ಟಿದರು. ಕನ್ನಡ ಬೇಕಾದರೆ ಯೂನಿಕೋಡ್ ಬಲ್ಲ ಝೀಟೆಕ್ ಅಥವಾ ಲುವಾಟೆಕ್ ಬಳಸಬೇಕು.

ಮೇಷ್ಟ್ರು: ಲೇಟೆಕ್ ಮುಟ್ಟಿ ಕೈಸುಟ್ಟುಕೊಂಡವರ ಕಥೆ ಕೇಳಿದ್ದುಂಟು.

ಸಂಶೋಧಕಿ: ಸುಡುವ ಒಂದು ಜಾಗ ಇದು. ಲೇಟೆಕ್‌ನಲ್ಲಿ % ಎಂಬ ಗುರುತಿನ ನಂತರ ಆ ಸಾಲಿನಲ್ಲಿ ಬರೆದದ್ದು ಅಚ್ಚಿಗೆ ಬರುವುದಿಲ್ಲ, ಅದು ಬರೆಯುವವರ ಒಳಟಿಪ್ಪಣಿಯ ಜಾಗ. ಅದು ಗೊತ್ತಿಲ್ಲದವರು ‘ಬೇಲಿಯ ಹೊರಗೆ ಹುಲ್ಲಿನ ಹೊದಿಕೆ 40% ಕಡಿಮೆ’ ಎಂದು ಬರೆದರೆ ಅಚ್ಚಾಗುವುದು ‘ಬೇಲಿಯ ಹೊರಗೆ ಹುಲ್ಲಿನ ಹೊದಿಕೆ 40’. ‘ಕಡಿಮೆ’ ಎಂಬ ಮಾತೇ ಹೋಗುತ್ತದೆ. ಫಲಿತಾಂಶ ಹೇಳುವ ವಾಕ್ಯದಲ್ಲಿ ಹೀಗಾದರೆ ಏನಾಯಿತು ಹೇಳಿ. % ಹಿಂದೆ ಒಂದು ಹಿಮ್ಮುಖ ಓರೆಗೆರೆ ಇಟ್ಟರೆ ಸರಿಹೋಗುತ್ತದೆ. ಸಮೀಕರಣ ಕಡಿಮೆ ಇರುವ ಕಾವಲಿನ ಪೇಪರಿಗೆ ಮಾರ್ಕ್‌ಡೌನ್ ಸಾಕು ಅನ್ನುವುದು ಇದಕ್ಕೇ.

ಮೇಷ್ಟ್ರು: ಮೂವರೂ ತಮ್ಮತಮ್ಮ ಪ್ರತಿ ತಿದ್ದಿದರು ಎನ್ನು. ಅವನ್ನು ಸೇರಿಸುವುದು ಯಾರು?

ಸಂಶೋಧಕಿ: ಗಿಟ್ ಎಂಬ ತಂತ್ರಾಂಶ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಬರೆದದ್ದು, ಈಗ ಪೇಪರು ಬರೆಯುವವರ ಕೈಗೂ ಬಂದಿದೆ. ಇದನ್ನು ಬೀರೂರು ಜಂಕ್ಷನ್ನಿನಲ್ಲಿ ನಿಂತು ಯೋಚಿಸಿದರೆ ಸುಲಭ. ಕಡೂರು ದಾಟಿ ಬಂದ ರೈಲುದಾರಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ಪೇಪರೂ ಒಂದು ಹಂತದವರೆಗೆ ಒಂದೇ ದಾರಿಯಲ್ಲಿ ಬಂದು ಅಲ್ಲಿಂದ ಕವಲಾಗುತ್ತದೆ. ಅಜ್ಜಂಪುರದವರು ದನದ ಅಧ್ಯಾಯ ತಿದ್ದುತ್ತ ಒಂದು ಕವಲಿನಲ್ಲಿ ಹೋಗುತ್ತಾರೆ, ತರೀಕೆರೆಯವರು ಲೆಕ್ಕದ ಅಧ್ಯಾಯ ಹಿಡಿದು ಇನ್ನೊಂದರಲ್ಲಿ. ರೈಲಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಗಿಟ್‌ನಲ್ಲಿ ಎರಡು ಕವಲು ಮತ್ತೆ ಬಂದು ಕೂಡುತ್ತವೆ. ಎಲ್ಲಿ ಕವಲೊಡೆದರು ಎಂಬುದು ಅದಕ್ಕೆ ನೆನಪಿರುವುದರಿಂದ ಅಲ್ಲಿಂದ ಈಚೆಗೆ ಯಾರು ಯಾವ ಸಾಲು ಮುಟ್ಟಿದರು ಎಂದು ನೋಡಿ, ಬೇರೆಬೇರೆ ಜಾಗದ ತಿದ್ದುಪಡಿಗಳನ್ನು ತಾನೇ ಸೇರಿಸಿಬಿಡುತ್ತದೆ.

ಮೇಷ್ಟ್ರು: ಒಂದೇ ಸಾಲನ್ನು ಇಬ್ಬರು ಮುಟ್ಟಿದ್ದರೆ?

ಸಂಶೋಧಕಿ: ಆಗ ಕೈಮುಗಿದು ನಿಲ್ಲುತ್ತದೆ. ಪಠ್ಯದ ನಡುವೆ ಹೀಗೆ ಗುರುತು ಹಾಕುತ್ತದೆ:

<<<<<<<
ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಹೈದರನ ಕಾಲದಲ್ಲಿ.
=======
ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ.
>>>>>>>

ಮೇಲಿನದು ಒಬ್ಬರದು, ಕೆಳಗಿನದು ಇನ್ನೊಬ್ಬರದು. ಯಾವುದು ಸರಿ ಎಂದು ಗಿಟ್ ಹೇಳುವುದಿಲ್ಲ, ಹೇಳಲೂಬಾರದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನಗಳ ಇಲಾಖೆಗೆ, ಹೊಸ ಹೆಸರಿಟ್ಟದ್ದು ಟಿಪ್ಪು ಎಂದು ಆಧಾರ ನೋಡಿ ಒಂದು ಸಾಲು ಉಳಿಸಿ, ಗುರುತುಗಳನ್ನು ಅಳಿಸಬೇಕಾದವರು ಬರೆಯುವವರೇ. ಇದಕ್ಕೆ ಕಾನ್‌ಫ್ಲಿಕ್ಟ್ ಅನ್ನುತ್ತಾರೆ. ಹೆಸರು ಕೇಳಿ ಹೆದರುತ್ತಾರೆ, ಆದರೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ವಾಟ್ಸಾಪಿನಲ್ಲಿ ಬಂದ ಎರಡು ವರ್ಡ್ ಫೈಲುಗಳಲ್ಲಿ ಆಮೇಲೆ ಬಂದದ್ದೇ ಗೆಲ್ಲುತ್ತದೆ. ಜಗಳವೂ ಇಲ್ಲ, ಜಗಳವಾಯಿತೆಂದು ತಿಳಿಯುವುದೂ ಇಲ್ಲ.

ಮೇಷ್ಟ್ರು: ಮೂವರಲ್ಲಿ ಒಬ್ಬರಿಗೆ ಈ ಗಿಟ್ಟು ಗಿಟ್ಟದಿದ್ದರೆ? ಫೋನು ಬಿಟ್ಟರೆ ಬೇರೇನೂ ಮುಟ್ಟದವರಿದ್ದಾರೆ. ದನದ ವಿಷಯದಲ್ಲಿ ಅವರನ್ನು ಬಿಟ್ಟರೆ ಹೇಳುವವರೇ ಇಲ್ಲ.

ಸಂಶೋಧಕಿ: ಅಂಥವರಿಗೆ ಕಮಾಂಡು ಕಲಿಸಿ ಕೆಲಸ ತೆಗೆಯಬೇಕಾಗಿಲ್ಲ. ಅವರು ವಾಟ್ಸಾಪಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆದ ಮೆಸೇಜೂ ಬರಿ ಪಠ್ಯವೇ. ಅದನ್ನು ಹಾಗೇ ಎತ್ತಿ ಫೈಲಿಗೆ ಇಳಿಸಬಹುದು. ಬರೆದವರು ಬೇರೆ, ದಾಖಲಿಸಿದವರು ಬೇರೆ ಎಂದು ಎರಡು ಹೆಸರನ್ನೂ ನಮೂದಿಸಲು ಗಿಟ್‌ನಲ್ಲಿ ಅವಕಾಶವಿದೆ. ಬರೆದವರ ಜಾಗದಲ್ಲಿ ಅವರ ಹೆಸರೇ ಇರಬೇಕು. ತಾಂತ್ರಿಕವಾಗಿ ಇದು ಸಣ್ಣ ವಿಷಯ. ಆದರೆ ಪೇಪರಿನ ಮೇಲೆ ಯಾರ ಹೆಸರು ಬರಬೇಕು ಎಂಬ ಮಾತು ಎದ್ದಾಗ ಆ ದಾಖಲೆ ಬಾಯಿ ಬಿಡುತ್ತದೆ. ಮೂವರಲ್ಲಿ ಒಬ್ಬರಾದರೂ ಗಿಟ್ ನೋಡಿಕೊಳ್ಳುವವರು ಇದ್ದರೆ ಸಾಕು.

ಮೇಷ್ಟ್ರು: ಅಕ್ಷರ ಬರಿ ಪಠ್ಯದಲ್ಲಿ ಇರಲಿ. ಅಂಕಿಗಳು ಎಕ್ಸೆಲ್‌ನಲ್ಲಿ ತಾನೆ ಇರುವುದು?

ಸಂಶೋಧಕಿ: ಅಲ್ಲಿ ಇನ್ನೂ ಎಚ್ಚರ ಬೇಕು. ಪಹಣಿ ನೋಡಿದವರಿಗೆಲ್ಲ ಗೊತ್ತು, ಸರ್ವೆ ನಂಬರು 12/3 ಎಂದಿರುತ್ತದೆ. ಹನ್ನೆರಡನೆಯ ಸರ್ವೆ ನಂಬರಿನ ಮೂರನೆಯ ಹಿಸ್ಸೆ. ಕಾವಲಿನ ಅಂಚಿನ ಹಿಡುವಳಿಗಳನ್ನು ಪಟ್ಟಿ ಮಾಡುತ್ತ ಇದನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು ಮಾರ್ಚ್ 12 ಎಂದು ತಿಳಿದು ತಾರೀಕು ಮಾಡಿಬಿಡುತ್ತದೆ. 45/2 ಎಂದು ಟೈಪ್ ಮಾಡಿದರೆ ಸುಮ್ಮನಿರುತ್ತದೆ, ಯಾವ ತಿಂಗಳಲ್ಲೂ 45ನೆಯ ದಿನ ಇಲ್ಲವಲ್ಲ. ಹೀಗೆ ಕೆಲವು ಕೆಟ್ಟು ಕೆಲವು ಸರಿ ಉಳಿಯುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ ಪೇಪರುಗಳನ್ನು 2016ರಲ್ಲಿ ಪರೀಕ್ಷಿಸಿದಾಗ ಐದರಲ್ಲಿ ಸುಮಾರು ಒಂದರಲ್ಲಿ ಹೆಸರುಗಳು ಕೆಟ್ಟಿದ್ದವು. ‘ಸೆಪ್ಟ್ 1’, ‘ಮಾರ್ಚ್ 1’ ಎಂಬ ವಂಶವಾಹಿಗಳು ತಾರೀಕಾಗಿದ್ದವು. ಕೊನೆಗೆ 2020ರಲ್ಲಿ ಮನುಷ್ಯನ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಾಯಿಸಿತು. ಆಗ ತಂತ್ರಾಂಶ ಬಗ್ಗಲಿಲ್ಲ, ವಿಜ್ಞಾನ ಬಗ್ಗಿತು.

ಮೇಷ್ಟ್ರು: ಬರಿ ಪಠ್ಯದಲ್ಲಿ ಕೋಷ್ಟಕ ಇಡುವುದು ಹೇಗೆ?

ಸಂಶೋಧಕಿ: ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳಾಗಿ. ಒಂದು ಎಣಿಕೆಗೆ ಒಂದು ಸಾಲು: ತಾರೀಕು, ಜಾಗ, ಗಂಡು, ಹೆಣ್ಣು, ಮರಿ. ಸಿಎಸ್‌ವಿ ಅನ್ನುವುದು ಇದಕ್ಕೆ. ಅದರಲ್ಲಿ 12/3 ಎಂದಿಗೂ 12/3. ಆದರೆ ಆ ಫೈಲನ್ನು ಎಕ್ಸೆಲ್‌ನಲ್ಲಿ ಎರಡು ಸಲ ಒತ್ತಿ ತೆರೆದು ಹಾಗೇ ಸೇವ್ ಮಾಡಿದರೆ ಅದೇ ರೋಗ ಇಲ್ಲಿಗೂ ಬರುತ್ತದೆ. ತೆರೆಯುವಾಗಲೇ ಆ ಕಾಲಮನ್ನು ಟೆಕ್ಸ್ಟ್ ಎಂದು ಗುರುತಿಸಿ ತೆರೆಯಬೇಕು.

ಮೇಷ್ಟ್ರು: ಆಧಾರಗ್ರಂಥಗಳ ಪಟ್ಟಿ? ಅದರಲ್ಲೇ ಅರ್ಧ ಆಯುಷ್ಯ ಹೋಗುತ್ತಿತ್ತು.

ಸಂಶೋಧಕಿ: ಪ್ರತಿ ಆಧಾರಕ್ಕೂ ಒಂದು ಗುರುತುಪದ ಇಟ್ಟು, ಪೂರ್ತಿ ವಿವರವನ್ನು ಬೇರೆ ಫೈಲಿನಲ್ಲಿ ಒಂದೇ ಸಲ ಬರೆಯುವುದು. ಪೇಪರಿನೊಳಗೆ ಗುರುತುಪದ ಮಾತ್ರ. ಪಟ್ಟಿ ಕಟ್ಟುವುದು, ಪತ್ರಿಕೆಗೆ ಬೇಕಾದ ಕ್ರಮದಲ್ಲಿ ಜೋಡಿಸುವುದು ಯಂತ್ರಕ್ಕೆ ಬಿಟ್ಟದ್ದು. ಹೊಸ ಉಪಾಯದಂತೆ ಕಂಡರೂ ಇದು ಈ ಸೀಮೆಯಲ್ಲಿ ನೂರಿಪ್ಪತ್ತು ವರ್ಷಕ್ಕೂ ಹಳೆಯದು. ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಬಿ. ಎಲ್. ರೈಸ್ 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಕಡೂರು ಜಿಲ್ಲೆಯ ಶಾಸನಗಳದು. ಅದರಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ. ‘ತರೀಕೆರೆ 45’ ಅಂದರೆ ಶಾಸನ ಓದುವವರಿಗೆ ಇನ್ನೇನೂ ಹೇಳಬೇಕಿಲ್ಲ. ಅಮೃತಾಪುರದ ಅಮೃತೇಶ್ವರ ದೇವಾಲಯದ ಬಳಿಯ ಆ ದೊಡ್ಡ ಶಾಸನ, ಕವಿ ಜನ್ನ ರಚಿಸಿದ್ದು, 1197ರದು. ರೈಸ್ ಸಂಪುಟಗಳಲ್ಲಿ ಶಾಸನಪಾಠ ಕನ್ನಡದಲ್ಲಿದೆ, ರೋಮನ್ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ಮೂರು ಕಡೆಯೂ ಅದೇ ಗುರುತು.

ಮೇಷ್ಟ್ರು: ಶಾಸನಕ್ಕೂ ನಿನ್ನ ಬರಿ ಪಠ್ಯಕ್ಕೂ ನಂಟು ಕಟ್ಟುತ್ತಿದ್ದೀಯಲ್ಲ!

ಸಂಶೋಧಕಿ: ಕಟ್ಟಬೇಕಾಗಿಲ್ಲ ಸರ್, ಇದ್ದೇ ಇದೆ. ಶಾಸನದ ಸಂಪಾದಕರು ಕಲ್ಲಿನಲ್ಲಿ ಅಳಿದುಹೋದ ಅಕ್ಷರದ ಜಾಗಕ್ಕೆ ಚುಕ್ಕಿ ಇಡುತ್ತಾರೆ. ಊಹಿಸಿ ತುಂಬಿದ್ದನ್ನು ಕಂಸದೊಳಗೆ ಇಡುತ್ತಾರೆ. ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಕಲ್ಲಿನಲ್ಲಿ ಏನಿದೆ, ತಾವು ಸೇರಿಸಿದ್ದೇನು ಎಂಬುದನ್ನು ಬಣ್ಣವಿಲ್ಲದೆ, ದಪ್ಪಕ್ಷರವಿಲ್ಲದೆ, ಅಕ್ಷರಸಾಲಿನೊಳಗೇ ತೋರಿಸುವ ಕಲೆ ಅದು. ಗ್ರೀಕ್, ಲ್ಯಾಟಿನ್ ಶಾಸನಪಾಠಗಳಲ್ಲಿ ಬಳಸುವ ಇಂಥ ಚಿಹ್ನೆಗಳಿಗೆ 1931ರಲ್ಲಿ ವಿದ್ವಾಂಸರು ಲೈಡನ್‌ನಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು. ಪೇಪರು ತಿದ್ದುವವರೂ ಹೀಗೇ ಒಪ್ಪಂದ ಮಾಡಿಕೊಳ್ಳಬಹುದು: ಅನುಮಾನದ ಮಾತಿನ ಮುಂದೆ [??], ಆಧಾರ ಬೇಕಾದಲ್ಲಿ [ಆಧಾರ], ಉತ್ತರಿಸಬೇಕಾದವರ ಊರಿನ ಹೆಸರು. ‘ಮರಿಗಳ ಸಂಖ್ಯೆ ಮಳೆಗಾಲದ ನಂತರ ಹೆಚ್ಚು [?? ಕಡೂರು]’ ಎಂದರೆ ಸಾಕು, ಕಡೂರಿನವರು ತಮ್ಮ ಊರಿನ ಹೆಸರು ಹುಡುಕಿಕೊಂಡು ಬಂದು ಉತ್ತರಿಸುತ್ತಾರೆ. ಕಳಿಸುವ ಮುಂಚೆ [?? ಎಂದು ಹುಡುಕಿದಾಗ ಒಂದೂ ಸಿಗಬಾರದು.

ಮೇಷ್ಟ್ರು: ತಿದ್ದಿದ್ದನ್ನು ಪರಿಶೀಲಿಸುವಾಗ ಕನ್ನಡದ್ದು ಅಂತ ಬೇರೆ ತೊಡಕೇನಾದರೂ?

ಸಂಶೋಧಕಿ: ಒಂದಿದೆ. ಸಾಲಿನ ಬದಲು ಪದಪದವಾಗಿ ಹೋಲಿಸಿ ತೋರಿಸಲು ಗಿಟ್‌ನ ಡಿಫ್‌ಗೆ ಹೇಳಬಹುದು. ಇಂಗ್ಲಿಷಿನಲ್ಲಿ ಅದು ಹರಿತ. ಕನ್ನಡದಲ್ಲಿ ‘ಹುಲ್ಲುಗಾವಲುಗಳಲ್ಲಿರುವುದರಿಂದ’ ಅನ್ನುವುದು ಒಂದೇ ಪದ. ಒಳಗೆ ಒಂದು ಕೊಂಬು ಬದಲಾದರೂ ಪದ ಇಡಿಯಾಗಿ ಅಳಿದು ಇಡಿಯಾಗಿ ಬಂದಂತೆ ತೋರುತ್ತದೆ. ಎರಡನ್ನೂ ಅಕ್ಷರ ಅಕ್ಷರ ಓದಬೇಕು. ಕಷ್ಟವೇ, ಆದರೆ ಓದಬೇಕಾದ ಜಾಗ ಯಾವುದೆಂದಾದರೂ ಗೊತ್ತಾಯಿತಲ್ಲ.

ಮೇಷ್ಟ್ರು: ಪತ್ರಿಕೆಯವರು ವರ್ಡ್ ಫೈಲೇ ಬೇಕು ಅನ್ನುತ್ತಾರೆ. ಅಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗಲಿಲ್ಲವೇ?

ಸಂಶೋಧಕಿ: ಆಗುವುದಿಲ್ಲ. ಪ್ಯಾನ್‌ಡಾಕ್ ಎಂಬ ತಂತ್ರಾಂಶ ಮಾರ್ಕ್‌ಡೌನ್ ಫೈಲನ್ನು ವರ್ಡ್ ಮಾಡಿ ಕೊಡುತ್ತದೆ, ಲೇಟೆಕ್ ಮಾಡಿಯೂ ಕೊಡುತ್ತದೆ. ಬರೆದವರು ಜಾನ್ ಮ್ಯಾಕ್‌ಫರ್ಲೇನ್, ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, 2006ರಿಂದ ಚಾಲ್ತಿಯಲ್ಲಿದೆ. ವರ್ಡ್ ಪ್ರತಿಯನ್ನು ಕಳಿಸುವ ಲಕೋಟೆ ಅಂದುಕೊಳ್ಳಬೇಕು, ಮೂಲ ಅದಲ್ಲ. ತಪ್ಪು ಕಂಡರೆ ಲಕೋಟೆಯ ಮೇಲೆ ತಿದ್ದದೆ ಮೂಲದಲ್ಲಿ ತಿದ್ದಿ ಮತ್ತೆ ಲಕೋಟೆ ಮಾಡಬೇಕು. ಇದೊಂದು ಶಿಸ್ತು ತಪ್ಪಿದರೆ ಕಾರ್ಬನ್ ಪ್ರತಿಯ ಕಾಲಕ್ಕೆ ವಾಪಸು ಹೋದಂತೆಯೇ. ಕಳಿಸಿದ ದಿನದ ಸ್ಥಿತಿಗೆ ಗಿಟ್‌ನಲ್ಲಿ ಒಂದು ಹೆಸರಿನ ಚೀಟಿ ಅಂಟಿಸಿಡಬೇಕು, ‘ಕಳಿಸಿದ್ದು 1’ ಎಂದು.

ಮೇಷ್ಟ್ರು: ಚೀಟಿ ಯಾಕೆ?

ಸಂಶೋಧಕಿ: ನಾಲ್ಕೈದು ತಿಂಗಳ ಮೇಲೆ ಪರಿಶೀಲಕರ ಅಭಿಪ್ರಾಯ ಬಂದಾಗ ಅವರು ಓದಿದ್ದು ಯಾವ ರೂಪವನ್ನು ಎಂದು ತಿಳಿಯಲು. ಅವರ ಒಂದೊಂದು ಆಕ್ಷೇಪಣೆಗೂ ಒಂದೊಂದು ತಿದ್ದುಪಡಿ ಬೇರೆಬೇರೆಯಾಗಿ ದಾಖಲಿಸಿದರೆ ಉತ್ತರಪತ್ರ ಅರ್ಧ ಬರೆದಂತೆಯೇ. ‘ಎಣಿಕೆ ಬೆಳಿಗ್ಗೆಯೋ ಸಂಜೆಯೋ’ ಎಂದು ಕೇಳಿದ್ದರೆ ಆ ತಿದ್ದುಪಡಿಯ ಟಿಪ್ಪಣಿಯಲ್ಲಿ ‘ಪರಿಶೀಲಕರು 2, ಪ್ರಶ್ನೆ 4: ಎಣಿಕೆಯ ವೇಳೆ ಸೇರಿಸಿದೆ’ ಎಂದು ಬರೆದಿಡುವುದು. ಲೇಟೆಕ್‌ನಲ್ಲಿ ಬರೆದವರಿಗೆ ಲೇಟೆಕ್‌ಡಿಫ್ ಇದೆ, ‘ಕಳಿಸಿದ್ದು 1’ನ್ನೂ ಈಗಿನದನ್ನೂ ಹೋಲಿಸಿ, ತೆಗೆದದ್ದಕ್ಕೆ ಕೆಂಪು ಗೀಟು, ಸೇರಿಸಿದ್ದಕ್ಕೆ ನೀಲಿ ಹಾಕಿದ ಪ್ರತಿಯನ್ನು ಮಾಡಿಕೊಡುತ್ತದೆ. ನಿಮ್ಮ ಕೆಂಪು ಶಾಯಿ ಮತ್ತೆ ಬಂತು, ಈ ಸಲ ಯಾರ ತಿದ್ದುಪಡಿಯೂ ಬಿಟ್ಟುಹೋಗಿರುವುದಿಲ್ಲ.

ಮೇಷ್ಟ್ರು: ಒಳಟಿಪ್ಪಣಿಗಳೆಲ್ಲ ಮೂಲ ಫೈಲಿನಲ್ಲೇ ಇರುತ್ತವಲ್ಲ, ಹೊರಗಿನವರಿಗೆ ಕಾಣುವುದಿಲ್ಲವೇ?

ಸಂಶೋಧಕಿ: ಕಾಣಬಹುದು. ಆರ್ಕೈವ್ ಎಂಬ ಪ್ರಬಂಧ ಭಂಡಾರ 1991ರಿಂದ ಇದೆ. ಅಲ್ಲಿಗೆ ಲೇಟೆಕ್ ಪೇಪರು ಕಳಿಸಿದರೆ ಮೂಲ ಫೈಲನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, % ನಂತರ ಅಡಗಿದ ಮಾತೂ ಸೇರಿ. ‘ಈ ಪರಿಶೀಲಕರಿಗೆ ಹುಲ್ಲಿಗೂ ಸೊಪ್ಪಿಗೂ ವ್ಯತ್ಯಾಸ ಗೊತ್ತಿಲ್ಲ’ ಎಂದು ಬರೆದಿಟ್ಟು ಮರೆತರೆ ಅದೂ ಪ್ರಕಟವಾಯಿತು ಅಂತಲೇ. ಕಳಿಸುವ ಪ್ರತಿಯಿಂದ ಅವನ್ನು ಕಿತ್ತುಹಾಕಬೇಕು. ಕೃಷ್ಣಮೃಗದ ಹಿಂಡು ರಾತ್ರಿ ನಿಲ್ಲುವ ಜಾಗದ ನಿಖರ ಅಕ್ಷಾಂಶ, ರೇಖಾಂಶ ಇದ್ದರೆ ಅದನ್ನಂತೂ ಮೊದಲೇ ಬೇರೆಡೆಗೆ ತೆಗೆದಿಡಬೇಕು. ಗಿಟ್ ಹಳೆಯದನ್ನು ಮರೆಯುವುದಿಲ್ಲ. ಇವತ್ತಿನ ಪ್ರತಿಯಿಂದ ಅಳಿಸಿದರೂ ಇತಿಹಾಸದಲ್ಲಿ ಇದ್ದೇ ಇರುತ್ತದೆ.

ಮೇಷ್ಟ್ರು: ಇನ್ನು ಉಳಿದದ್ದು?

ಸಂಶೋಧಕಿ: ಕೊನೆಯ ಓದು. ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಓದಿದರೇ ಒಳ್ಳೆಯದು, ತೆರೆಯ ಮೇಲೆ ತಪ್ಪಿಸಿಕೊಂಡದ್ದು ಕಾಗದದ ಮೇಲೆ ಸಿಕ್ಕಿಬೀಳುತ್ತದೆ. ಈ ಪೇಪರಿನಲ್ಲಿ ಮುಖ್ಯವಾಗಿ ನೋಡಬೇಕಾದ ಪದ ‘ಕಾವಲು’. ದೀರ್ಘ ಬಿಟ್ಟರೆ ಅದು ‘ಕವಲು’. ಎರಡೂ ಸರಿಯಾದ ಕನ್ನಡ ಪದಗಳೇ ಆದ್ದರಿಂದ ಕಾಗುಣಿತ ತಿದ್ದುವ ತಂತ್ರಾಂಶ ಚಕಾರ ಎತ್ತುವುದಿಲ್ಲ.

ಮೇಷ್ಟ್ರು: ಹಾಗಿದ್ದರೆ ‘ಕವಲು’ ಇರುವಲ್ಲೆಲ್ಲ ‘ಕಾವಲು’ ಮಾಡು ಎಂದು ಒಂದೇ ಆಜ್ಞೆ ಕೊಟ್ಟರಾಯಿತಲ್ಲ.

ಸಂಶೋಧಕಿ: ಕೊಡಬಾರದು ಸರ್. ವಿಧಾನದ ಅಧ್ಯಾಯದಲ್ಲಿ ‘ಹಳ್ಳ ಕವಲೊಡೆಯುವ ಜಾಗದಿಂದ ಎಣಿಕೆ ಶುರು’ ಎಂದು ಕಡೂರಿನವರು ಬರೆದಿರುತ್ತಾರೆ. ಅಲ್ಲಿ ‘ಕವಲು’ ಸರಿ. ಒಂದೊಂದನ್ನೂ ನಿಲ್ಲಿಸಿ, ನೋಡಿ, ಹೌದೋ ಅಲ್ಲವೋ ಹೇಳುತ್ತ ಹೋಗಬೇಕು.